ಮರಣೋತ್ತರ ವರದಿಯಲ್ಲಿನ ಔಷಧದ ಅಂಕಿ: ಓದುವುದು ಹೇಗೆ?

(ಆರ್.ಟಿ. ನಗರದಲ್ಲಿ ಸಂಘದ ಸದಸ್ಯರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಸಿಇಟಿ, ವಿದ್ಯಾರ್ಥಿ ವೇತನ, ಉದ್ಯೋಗ ಮಾರ್ಗದರ್ಶನ ಮೊದಲಾದ ವಿಷಯಗಳ ಮೇಲೆ ಮಾತನಾಡಲು ಕರೆಯುತ್ತಾರೆ. ಈ ಸಲ ಕಾರ್ಯದರ್ಶಿಯವರು ನ್ಯಾಯವೈದ್ಯಶಾಸ್ತ್ರದ ಅಧ್ಯಾಪಕನಾದ ನನಗೆ ಬೇರೆಯೇ ಒಂದು ವಿಷಯ ಕೊಟ್ಟರು. ಮರಣೋತ್ತರ ಪರೀಕ್ಷೆಯ ನಂತರ ಬರುವ ರಾಸಾಯನಿಕ ವರದಿಯಲ್ಲಿ ಒಂದು ಔಷಧದ ಹೆಸರು, ಅದರ ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ಆ ಅಂಕಿಯ ಅರ್ಥವೇನು, ಅದರಿಂದ ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬುದೇ ಆ ವಿಷಯ. ಇದು ವೈದ್ಯಕೀಯ ಕಾಲೇಜಿನ ಪಾಠವಲ್ಲವೇ, ನಮಗೇಕೆ ಎಂದು ತಾವು ಕೇಳಬಹುದು. ಆದರೆ ಅಸಹಜ ಸಾವು ಯಾರ ಮನೆಯ ಬಾಗಿಲನ್ನೂ ಕೇಳಿ ಬರುವುದಿಲ್ಲ. ಬಂದ ದಿನ ಆ ಕಾಗದವನ್ನು ಓದಬೇಕಾದವರು ನಾವೇ. ಠಾಣೆಯ ಪಂಚನಾಮೆ ಕನ್ನಡದಲ್ಲಿರುತ್ತದೆ, ಪ್ರಯೋಗಾಲಯದ ವರದಿ ಇಂಗ್ಲಿಷಿನಲ್ಲಿರುತ್ತದೆ, ಮನೆಯಲ್ಲಿ ಅಳುವ ಹಿರಿಯರು ಉರ್ದು ಮಾತಾಡುತ್ತಾರೆ. ಈ ಮೂರರ ನಡುವೆ ನಿಂತು ವಿವರಿಸುವ ಕೆಲಸ ಸಾಮಾನ್ಯವಾಗಿ ಮನೆಯಲ್ಲಿ ಓದಿದ ಹುಡುಗ ಅಥವಾ ಹುಡುಗಿಯ ಮೇಲೆ ಬೀಳುತ್ತದೆ. ಆದ್ದರಿಂದಲೇ ಇಂದು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಹೆಚ್ಚು ಮಾತನಾಡುತ್ತೇನೆ.

ಮೊದಲಿಗೆ ಕಾಗದ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ಸಾವು ಅಸಹಜವೆಂದು ಕಂಡಾಗ ಪೊಲೀಸರು ಯು.ಡಿ.ಆರ್. ದಾಖಲಿಸಿ ಶವವನ್ನು ಪರೀಕ್ಷೆಗೆ ಕಳುಹಿಸುತ್ತಾರೆ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಡಿ ನಡೆಯುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮು ಆ ಜಾಗಕ್ಕೆ ಬಂದಿದೆ. ನಮ್ಮ ಕಡೆಯ ಶವಗಳು ಹೆಚ್ಚಾಗಿ ಕಾಡುಗೊಂಡನಹಳ್ಳಿಯ ಅಂಬೇಡ್ಕರ್ ವೈದ್ಯಕೀಯ ಕಾಲೇಜು, ಶಿವಾಜಿನಗರದ ಬೌರಿಂಗ್ ಅಥವಾ ರಾಮಯ್ಯ ಆಸ್ಪತ್ರೆಯ ಶವಾಗಾರಕ್ಕೆ ಹೋಗುತ್ತವೆ. ವೈದ್ಯರು ಶವವನ್ನು ಪರೀಕ್ಷಿಸಿ, ಕಾರಣ ಕಣ್ಣಿಗೆ ಸ್ಪಷ್ಟವಾಗದಿದ್ದರೆ ಅಥವಾ ವಿಷದ ಸಂಶಯವಿದ್ದರೆ, ಜಠರ ಮತ್ತು ಅದರೊಳಗಿನ ಪದಾರ್ಥ, ಸಣ್ಣ ಕರುಳಿನ ಒಂದು ತುಂಡು, ಲಿವರ್‌ನ ಭಾಗ, ಎರಡೂ ಮೂತ್ರಪಿಂಡಗಳ ಅರ್ಧರ್ಧ ಭಾಗ ಹಾಗೂ ರಕ್ತವನ್ನು ಬಾಟಲಿಗಳಲ್ಲಿ ಇಟ್ಟು ಮೊಹರು ಮಾಡುತ್ತಾರೆ. ಇದಕ್ಕೇ ವಿಸೆರಾ ಎನ್ನುವುದು. ಅಂಗಾಂಶಗಳನ್ನು ಸಾಮಾನ್ಯವಾಗಿ ನಮ್ಮ ಅಡುಗೆ ಉಪ್ಪಿನ ಗಟ್ಟಿ ದ್ರಾವಣದಲ್ಲಿಯೇ ಇಡುತ್ತಾರೆ. ಬಾಟಲಿಗಳು ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಅಂದರೆ ಎಫ್‌ಎಸ್‌ಎಲ್‌ಗೆ ಹೋಗುತ್ತವೆ. ಬೆಂಗಳೂರಿನ ಹೊರಗಾದರೆ ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಯಂಥ ಪ್ರಾದೇಶಿಕ ಪ್ರಯೋಗಾಲಯಗಳಿವೆ.

ಅಲ್ಲಿಯವರೆಗೆ ಮರಣೋತ್ತರ ವರದಿಯಲ್ಲಿ "ಅಂತಿಮ ಅಭಿಪ್ರಾಯವನ್ನು ಕಾಯ್ದಿರಿಸಲಾಗಿದೆ" ಎಂಬ ಒಂದು ಸಾಲು ಇರುತ್ತದೆ. ಈ ಸಾಲನ್ನು ಜನ ಗಮನಿಸುವುದೇ ಇಲ್ಲ. ತಿಂಗಳುಗಳ ನಂತರ ಎಫ್‌ಎಸ್‌ಎಲ್ ವರದಿ ಠಾಣೆಗೆ ಬರುತ್ತದೆ; ಯಾರೋ ಅದರ ಜೆರಾಕ್ಸ್ ತಂದುಕೊಡುತ್ತಾರೆ; ಅದರಲ್ಲಿ ಒಂದು ಹೆಸರು ಕಂಡ ಕೂಡಲೇ ಸಾವಿನ ಕಾರಣ ಸಿಕ್ಕಿತು ಎಂದು ಎಲ್ಲರೂ ತೀರ್ಮಾನಿಸಿಬಿಡುತ್ತಾರೆ. ಹಾಗಲ್ಲ. ಪ್ರಯೋಗಾಲಯದ ರಸಾಯನ ವಿಜ್ಞಾನಿ ಬಾಟಲಿಯಲ್ಲಿ ಏನಿದೆ, ಎಷ್ಟಿದೆ ಎಂದು ಹೇಳುತ್ತಾರೆಯೇ ಹೊರತು ಈ ಮನುಷ್ಯ ಏಕೆ ಸತ್ತ ಎಂದು ಹೇಳುವುದಿಲ್ಲ. ಅದು ಅವರ ಕೆಲಸವೂ ಅಲ್ಲ. ಆ ವರದಿ ಶವಪರೀಕ್ಷೆ ಮಾಡಿದ ವೈದ್ಯರ ಬಳಿಗೆ ಮರಳಿ ಹೋಗಬೇಕು, ಅವರು ದೇಹದಲ್ಲಿ ಕಂಡದ್ದನ್ನು, ಆಸ್ಪತ್ರೆಯ ಕೇಸ್ ಶೀಟನ್ನು, ಸ್ಥಳದ ಪಂಚನಾಮೆಯನ್ನು ಜೊತೆಗಿಟ್ಟು ನೋಡಿ ಅಂತಿಮ ಅಭಿಪ್ರಾಯ ಕೊಡಬೇಕು. ಆ ಅಂತಿಮ ಅಭಿಪ್ರಾಯದ ಕಾಗದವನ್ನು ಕೇಳಿ ಪಡೆಯದ ಕುಟುಂಬಗಳೇ ಹೆಚ್ಚು.

ಇನ್ನು ಅಂಕಿಯ ವಿಚಾರ. ಪುಸ್ತಕಗಳಲ್ಲಿ ಔಷಧಗಳ ಪಟ್ಟಿ ಇರುತ್ತದೆ: ಇಷ್ಟು ಇದ್ದರೆ ಚಿಕಿತ್ಸೆಯ ಮಟ್ಟ, ಇಷ್ಟಾದರೆ ವಿಷದ ಮಟ್ಟ, ಇಷ್ಟಾದರೆ ಮಾರಕ ಮಟ್ಟ ಎಂದು. ಉದಾಹರಣೆಗೆ ಫಿಟ್ಸ್ ಕಾಯಿಲೆಗೆ ಕೊಡುವ ಫೆನಿಟಾಯಿನ್ ಒಂದು ಮಿಲಿಲೀಟರ್ ರಕ್ತದ್ರವದಲ್ಲಿ 10ರಿಂದ 20 ಮೈಕ್ರೋಗ್ರಾಂ ಇದ್ದರೆ ಸರಿಯಾದ ಮಟ್ಟ ಎನ್ನುತ್ತಾರೆ. ವಿದ್ಯಾರ್ಥಿಗಳು ಇಂಥ ಪಟ್ಟಿಗಳನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ, ವರದಿಯ ಅಂಕಿಯನ್ನು ಅದಕ್ಕೆ ಹೋಲಿಸಿ ಉತ್ತರ ಹೇಳಲು ಹೊರಡುತ್ತಾರೆ. ಆದರೆ ಚಿಕಿತ್ಸೆಯ ಮಟ್ಟದ ಅಂಕಿಗಳು ಬದುಕಿರುವ ರೋಗಿಗಳಿಂದ, ರಕ್ತ ಹರಿಯುತ್ತಿರುವಾಗ, ತೋಳಿನ ನಾಳದಿಂದ ತೆಗೆದ ಮಾದರಿಯಿಂದ ಬಂದವು. ಸತ್ತ ದೇಹ ಬೇರೆ. ಅಲ್ಲಿ ರಕ್ತ ನಿಂತಿದೆ, ಆದರೆ ಔಷಧ ನಿಂತಿಲ್ಲ.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ವಿಷಯದ ತಿರುಳು ಇಲ್ಲಿದೆ. ಬದುಕಿರುವಾಗ ಹಲವು ಔಷಧಗಳು ರಕ್ತಕ್ಕಿಂತ ಲಿವರ್, ಶ್ವಾಸಕೋಶ, ಹೃದಯದ ಸ್ನಾಯು ಇಂಥ ಕಡೆ ಹೆಚ್ಚು ಶೇಖರವಾಗಿರುತ್ತವೆ. ಪ್ರಾಣ ಹೋದ ಮೇಲೆ ಜೀವಕೋಶಗಳ ಗೋಡೆಗಳು ಶಿಥಿಲವಾಗಿ, ಅಲ್ಲಿದ್ದ ಔಷಧ ಸುತ್ತಲಿನ ರಕ್ತಕ್ಕೆ ಜಿನುಗತೊಡಗುತ್ತದೆ. ಜಠರದಲ್ಲಿ ಉಳಿದದ್ದು ಪಕ್ಕದ ಅಂಗಗಳಿಗೆ ಹರಡುತ್ತದೆ. ಇದಕ್ಕೆ ಮರಣಾನಂತರದ ಮರುಹಂಚಿಕೆ ಎಂದು ಹೆಸರು. 1990ರಲ್ಲಿ ಪೌಂಡರ್ ಮತ್ತು ಜೋನ್ಸ್ ಎಂಬ ವಿಜ್ಞಾನಿಗಳು ಈ ಬಗ್ಗೆ ಬರೆದ ಲೇಖನದ ಶೀರ್ಷಿಕೆಯಲ್ಲೇ ಇದನ್ನು ವಿಷಶಾಸ್ತ್ರಜ್ಞರ ದುಃಸ್ವಪ್ನ ಎಂದು ಕರೆದರು. ಪರಿಣಾಮವೇನೆಂದರೆ, ಹೃದಯದಿಂದ ತೆಗೆದ ರಕ್ತದಲ್ಲಿ ಒಂದು ಅಂಕಿ, ತೊಡೆಸಂದಿನ ನಾಳದಿಂದ ತೆಗೆದ ರಕ್ತದಲ್ಲಿ ಇನ್ನೊಂದು ಅಂಕಿ. ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಗಳಲ್ಲಿ ಈ ವ್ಯತ್ಯಾಸ ಎರಡು ಮೂರು ಪಟ್ಟು ಆಗಬಹುದು. ಹೃದ್ರೋಗಕ್ಕೆ ಕೊಡುವ ಡಿಗಾಕ್ಸಿನ್ ಇನ್ನೂ ಮೋಸದ್ದು. ವೈದ್ಯರು ಹೇಳಿದಷ್ಟೇ ಮಾತ್ರೆ ನುಂಗಿದ ಹಿರಿಯರೊಬ್ಬರ ಹೃದಯದ ರಕ್ತದಲ್ಲಿ ಸತ್ತ ಮೇಲೆ ಅದು ವಿಷದ ಮಟ್ಟಕ್ಕೆ ಏರಿ ಕಾಣಬಹುದು. ಆ ಅಂಕಿಯನ್ನು ಮಾತ್ರ ನೋಡಿದವರು "ಮಾತ್ರೆ ಹೆಚ್ಚು ಕೊಟ್ಟು ಕೊಂದರು" ಎಂದು ಸೊಸೆಯತ್ತ ಬೆರಳು ತೋರಿಸಿದರೆ ಆ ಮನೆಯ ಗತಿಯೇನು? ಆದ್ದರಿಂದ ವರದಿ ಕೈಗೆ ಬಂದಾಗ ಎಷ್ಟು ಎಂದು ನೋಡುವ ಮೊದಲು ಎಲ್ಲಿಂದ ಎಂದು ನೋಡಬೇಕು. ತೊಡೆಸಂದಿನ ರಕ್ತ ಸಿಕ್ಕಿದ್ದರೆ ಅದಕ್ಕೆ ಹೆಚ್ಚು ಬೆಲೆ. ಬಾಟಲಿಯ ಮೇಲೆ ಬರೀ "ರಕ್ತ" ಎಂದಿದ್ದರೆ ಅಂಕಿಯನ್ನು ಅಷ್ಟಕ್ಕಷ್ಟೇ ನಂಬಬೇಕು.

ಜಗತ್ತಿಗೆಲ್ಲ ಗೊತ್ತಿರುವ ಒಂದು ಉದಾಹರಣೆ ಹೇಳುತ್ತೇನೆ. 2009ರ ಜೂನ್ 25ರಂದು ಲಾಸ್ ಏಂಜಲೀಸ್‌ನಲ್ಲಿ ಗಾಯಕ ಮೈಕೆಲ್ ಜಾಕ್ಸನ್ ತೀರಿಕೊಂಡರು. ಅವರ ದೇಹದಲ್ಲಿ ಪ್ರೊಪೋಫಾಲ್ ಎಂಬ ಅರಿವಳಿಕೆ ಔಷಧ ಪತ್ತೆಯಾಯಿತು. ಹಾಲಿನಂತೆ ಬಿಳಿಯಾಗಿರುವ ಇದನ್ನು ಆಪರೇಷನ್ ಥಿಯೇಟರಿನಲ್ಲಿ ನಾಳದ ಮೂಲಕ ಕೊಡುತ್ತಾರೆ. ಶವಪರೀಕ್ಷೆಯ ವರದಿ ಬಹಿರಂಗವಾದಾಗ ಅದರಲ್ಲಿ ಮೂರು ಅಂಕಿಗಳಿದ್ದವು: ಆಸ್ಪತ್ರೆಯಲ್ಲಿ ತೆಗೆದ ರಕ್ತದಲ್ಲಿ ಮಿಲಿಲೀಟರಿಗೆ 4.1 ಮೈಕ್ರೋಗ್ರಾಂ, ಹೃದಯದ ರಕ್ತದಲ್ಲಿ 3.2, ತೊಡೆಯ ರಕ್ತದಲ್ಲಿ 2.6. ಒಂದೇ ದೇಹ, ಒಂದೇ ಔಷಧ, ಮೂರು ಅಂಕಿ. ಇನ್ನೂ ಮುಖ್ಯವಾದ ಮಾತು, ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ರೋಗಿಯನ್ನು ಪ್ರಜ್ಞೆ ತಪ್ಪಿಸಿಡಲು ಬೇಕಾಗುವ ಮಟ್ಟವೂ ಸುಮಾರಾಗಿ ಇದೇ. ಅಂದರೆ ಅದೇ ಅಂಕಿಯೊಂದಿಗೆ ದಿನವೂ ಸಾವಿರಾರು ರೋಗಿಗಳು ಕ್ಷೇಮವಾಗಿ ಮನೆಗೆ ಹೋಗುತ್ತಾರೆ. ಹಾಗಾದರೆ ಅವರೇಕೆ ಸತ್ತರು? ಥಿಯೇಟರಿನಲ್ಲಿ ಉಸಿರಾಟದ ಕೊಳವೆ, ಆಕ್ಸಿಜನ್, ಮಾನಿಟರ್, ಕಣ್ಣು ಮಿಟುಕಿಸದೆ ಕುಳಿತ ಅರಿವಳಿಕೆ ತಜ್ಞ ಇರುತ್ತಾರೆ. ಮಲಗುವ ಕೋಣೆಯಲ್ಲಿ ಅಂಥ ವ್ಯವಸ್ಥೆ ಇರಲಿಲ್ಲ; ಜೊತೆಗೆ ಲೊರಾಜೆಪಾಮ್‌ನಂಥ ನಿದ್ರೆಯ ಔಷಧವೂ ದೇಹದಲ್ಲಿತ್ತು. ಖಾಸಗಿ ವೈದ್ಯ ಕಾನ್ರಾಡ್ ಮರ್ರೆ ವಿರುದ್ಧದ ಮೊಕದ್ದಮೆಯಲ್ಲಿ ವಾರಗಟ್ಟಲೆ ವಾದ ನಡೆದದ್ದು ಈ ಅಂಕಿಗಳ ಅರ್ಥದ ಮೇಲೆಯೇ. ರೋಗಿ ತಾನೇ ಚುಚ್ಚಿಕೊಂಡಿರಬಹುದು ಎಂದು ಪ್ರತಿವಾದಿಗಳು ಹೇಳಿದರು. ಔಷಧ ಹೇಗೆ, ಎಷ್ಟು ಹೊತ್ತು ದೇಹ ಸೇರಿದ್ದರೆ ಇಂಥ ಅಂಕಿ ಬರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದವರು ಅರಿವಳಿಕೆ ತಜ್ಞ ಸ್ಟೀವನ್ ಶೇಫರ್. 2011ರ ನವೆಂಬರ್‌ನಲ್ಲಿ ವೈದ್ಯರು ತಪ್ಪಿತಸ್ಥರೆಂದು ತೀರ್ಪಾಯಿತು.

ಇದೇ ಔಷಧದ ಹೆಸರನ್ನು ತಾವು 2025ರಲ್ಲಿ ನಮ್ಮ ಬೆಂಗಳೂರಿನ ಪತ್ರಿಕೆಗಳಲ್ಲೂ ಓದಿರುತ್ತೀರಿ. ಆ ವರ್ಷ ಏಪ್ರಿಲ್‌ನಲ್ಲಿ ಮಾರತ್‌ಹಳ್ಳಿ ಠಾಣೆಯ ವ್ಯಾಪ್ತಿಯಲ್ಲಿ ಒಬ್ಬ ಯುವ ವೈದ್ಯೆ ತೀರಿಕೊಂಡರು. ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ. ಆಸ್ಪತ್ರೆಗೆ ತಲುಪುವಷ್ಟರಲ್ಲಿ ಜೀವ ಹೋಗಿತ್ತು. ಮೊದಲಿಗೆ ಅದು ಕಾಯಿಲೆಯಿಂದಾದ ಸಾವಿನಂತೆ ಕಂಡಿತು, ಪೊಲೀಸರು ಅಸಹಜ ಸಾವು ಎಂದಷ್ಟೇ ದಾಖಲಿಸಿಕೊಂಡರು. ಆದರೆ ಆಕೆಯ ತವರಿನವರು ಮರಣೋತ್ತರ ಪರೀಕ್ಷೆ ಆಗಲೇಬೇಕೆಂದು ಪಟ್ಟು ಹಿಡಿದರೆಂದು ಪತ್ರಿಕೆಗಳು ವರದಿ ಮಾಡಿದವು. ಸುಮಾರು ಆರು ತಿಂಗಳ ನಂತರ ಬಂದ ಎಫ್‌ಎಸ್‌ಎಲ್ ವರದಿಯಲ್ಲಿ ಹಲವು ಅಂಗಗಳಲ್ಲಿ ಪ್ರೊಪೋಫಾಲ್ ಇರುವುದು ತಿಳಿಯಿತು; ಅಕ್ಟೋಬರ್‌ನಲ್ಲಿ ವೈದ್ಯರೇ ಆಗಿದ್ದ ಪತಿಯ ಬಂಧನವಾಯಿತು. ಆರೋಪ ನಿಜವೋ ಅಲ್ಲವೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಬೇಕು, ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ನಾನು ತೋರಿಸಬೇಕೆಂದಿರುವುದು ಬೇರೆ. ಇಂಥ ವರದಿ ಬಂದಾಗ ತನಿಖೆಯವರೂ ವೈದ್ಯರೂ ಕೇಳಿಕೊಳ್ಳುವ ಮೊದಲ ಪ್ರಶ್ನೆ ಎಷ್ಟಿತ್ತು ಎಂಬುದಲ್ಲ. ಈ ಔಷಧ ಈ ದೇಹಕ್ಕೆ ಬರಲು ಸಹಜವಾದ ದಾರಿ ಇತ್ತೇ ಎಂಬುದು. ಶಸ್ತ್ರಚಿಕಿತ್ಸೆ ಆಗಿತ್ತೇ? ಐಸಿಯುನಲ್ಲಿ ಕೊಳವೆ ಹಾಕುವಾಗ ಕೊಟ್ಟಿದ್ದರೇ? ಇಲ್ಲವೆಂದಾದರೆ ಔಷಧ ಇದ್ದದ್ದೇ ದೊಡ್ಡ ಸಂಗತಿ. ಮನೆಯಲ್ಲಿ ಸಿಕ್ಕಿದವೆಂದು ಪೊಲೀಸರು ಹೇಳಿದ ಕ್ಯಾನ್ಯುಲಾ, ಇಂಜೆಕ್ಷನ್ ಸಾಮಗ್ರಿ ಮೊದಲಾದವು ಆ ಪ್ರಶ್ನೆಯ ಜೊತೆಗೆ ಸೇರಿ ಅರ್ಥ ಪಡೆಯುತ್ತವೆ. ಆ ದಿನ ಶವಪರೀಕ್ಷೆ ಬೇಡವೆಂದು ಎಲ್ಲರೂ ಒಪ್ಪಿದ್ದರೆ ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಚಿಕಿತ್ಸೆಯ ದಾರಿ ಎಂದೆನಲ್ಲ, ಅದರಿಂದ ಆಗುವ ಗೊಂದಲ ದೊಡ್ಡದು. ಕೀಟನಾಶಕ ಕುಡಿದವರಿಗೆ ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಡುತ್ತಾರೆ, ವರದಿಯಲ್ಲಿ ಅಟ್ರೋಪಿನ್ ಬರುತ್ತದೆ. ಗಂಟಲಿಗೆ ಕೊಳವೆ ಹಾಕುವಾಗ ಹಚ್ಚುವ ಜೆಲ್ಲಿಯಿಂದ ಲಿಗ್ನೋಕೇನ್ ಬರುತ್ತದೆ. ಕೊನೆಯ ಗಂಟೆಗಳಲ್ಲಿ ಮಿಡಜೋಲಾಮ್, ಫೆಂಟನಿಲ್ ಕೊಟ್ಟಿರುತ್ತಾರೆ. ಇವು ಯಾವುವೂ ಸಾವಿನ ಕಾರಣವಾಗದೇ ಇರಬಹುದು. ಕೇಸ್ ಶೀಟ್ ಇಲ್ಲದೆ ರಾಸಾಯನಿಕ ವರದಿಯನ್ನು ಓದುವುದು ಅರ್ಧ ಹರಿದ ಪತ್ರವನ್ನು ಓದಿದಂತೆ.

ಈಗ ನಮ್ಮ ಸಮುದಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಒಂದು ವಿಷಯಕ್ಕೆ ಬರುತ್ತೇನೆ. ಅದು ಆಲ್ಕೋಹಾಲ್. ಒಬ್ಬ ಯುವಕ ಅಪಘಾತದಲ್ಲಿಯೋ ಕೆರೆಯಲ್ಲಿ ಮುಳುಗಿಯೋ ಸಾಯುತ್ತಾನೆ, ದೇಹ ಎರಡು ದಿನ ಬಿಟ್ಟು ಸಿಗುತ್ತದೆ. ಜನ್ಮದಲ್ಲಿ ಕುಡಿದವನಲ್ಲ. ವರದಿಯಲ್ಲಿ ಈಥೈಲ್ ಆಲ್ಕೋಹಾಲ್, 100 ಮಿಲಿಲೀಟರ್ ರಕ್ತಕ್ಕೆ 40 ಅಥವಾ 50 ಮಿಲಿಗ್ರಾಂ ಎಂದು ಬರುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಲ್ಲಿ ಚಾಲಕನಿಗೆ ಇರುವ ಮಿತಿ 30 ಮಿಲಿಗ್ರಾಂ. ಅಲ್ಲಿಗೆ ಅವನು ಕುಡಿದು ಸತ್ತ ಎಂಬ ಹೆಸರು ನಿಂತುಬಿಡುತ್ತದೆ. ತಾಯಿ ತಲೆ ತಗ್ಗಿಸುತ್ತಾಳೆ, ಮೊಹಲ್ಲಾದಲ್ಲಿ ಮಾತು ಹಬ್ಬುತ್ತದೆ. ಅಪಘಾತ ವಿಮೆಯ ಷರತ್ತುಗಳಲ್ಲಿ ಅಮಲಿನಲ್ಲಿದ್ದಾಗ ಆದ ಸಾವಿಗೆ ಹಣವಿಲ್ಲ ಎಂದು ಇರುವುದರಿಂದ ವಿಮೆಯೂ ಕೈತಪ್ಪುತ್ತದೆ.

ಮಿತ್ರರೇ, ದಯವಿಟ್ಟು ಇದನ್ನು ನೆನಪಿಡಿ. ಕೊಳೆಯತೊಡಗಿದ ದೇಹ ತಾನೇ ಆಲ್ಕೋಹಾಲನ್ನು ತಯಾರಿಸುತ್ತದೆ. ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳು ಸಾವಿನ ನಂತರ ರಕ್ತಕ್ಕೂ ಅಂಗಾಂಶಕ್ಕೂ ಹರಡಿ ಅಲ್ಲಿನ ಸಕ್ಕರೆಯನ್ನು ಹುದುಗಿಸುತ್ತವೆ. ದೋಸೆ ಹಿಟ್ಟು ಹುಳಿಯುವುದು ನೋಡಿದ್ದೀರಲ್ಲ, ಅಂಥದೇ ಕ್ರಿಯೆ. ಸೆಕೆಗಾಲದಲ್ಲಿ, ತಂಪು ಪೆಟ್ಟಿಗೆ ಇಲ್ಲದ ಕಡೆ ಇದು ಬೇಗ ಆಗುತ್ತದೆ. ಹೀಗೆ ಹುಟ್ಟಿದ ಆಲ್ಕೋಹಾಲ್ 50 ಮಿಲಿಗ್ರಾಂ ಮಟ್ಟಕ್ಕೆ, ಕೆಲವೊಮ್ಮೆ ಅದಕ್ಕಿಂತ ಮೇಲಕ್ಕೂ ಹೋಗಬಹುದು. ರಕ್ತವನ್ನು ಬಾಟಲಿಗೆ ಹಾಕಿದ ಮೇಲೂ, ಅದರಲ್ಲಿ ಸೋಡಿಯಂ ಫ್ಲೋರೈಡ್ ಎಂಬ ಲವಣ ಬೆರೆಸದಿದ್ದರೆ, ಹುದುಗುವಿಕೆ ಬಾಟಲಿಯೊಳಗೇ ಮುಂದುವರಿಯುತ್ತದೆ. ಕೊಳೆತ ದೇಹದ ಆಲ್ಕೋಹಾಲ್ ಅಂಕಿಯ ಬಗ್ಗೆ ಎಚ್ಚರಿಕೆಯಿಲ್ಲದೆ ಅಭಿಪ್ರಾಯ ಕೊಡುವವರನ್ನು ನಾನು ಒಳ್ಳೆಯ ತಜ್ಞರೆಂದು ಒಪ್ಪುವುದಿಲ್ಲ.

ಹಾಗಾದರೆ ಕುಡಿದದ್ದು ಯಾವುದು, ಕೊಳೆತದ್ದು ಯಾವುದು ಎಂದು ಬೇರ್ಪಡಿಸಲು ದಾರಿ ಇಲ್ಲವೇ? ಇದೆ. ಕಣ್ಣುಗುಡ್ಡೆಯೊಳಗೆ ಲೋಳೆಯಂಥ ಒಂದು ದ್ರವವಿದೆ. ಅದು ಕರುಳಿನಿಂದ ದೂರ, ಮುಚ್ಚಿದ ಕೋಣೆಯಲ್ಲಿ ಇದ್ದ ಹಾಗೆ, ಬ್ಯಾಕ್ಟೀರಿಯಾ ಅಲ್ಲಿಗೆ ತಡವಾಗಿ ತಲುಪುತ್ತದೆ. ನಿಜವಾಗಿ ಕುಡಿದಿದ್ದರೆ ಆಲ್ಕೋಹಾಲ್ ಬದುಕಿರುವಾಗಲೇ ಆ ದ್ರವಕ್ಕೂ ಹೋಗಿರುತ್ತದೆ. ರಕ್ತದಲ್ಲಿ 50 ಇದ್ದು ಕಣ್ಣಿನ ದ್ರವದಲ್ಲಿ ಸೊನ್ನೆ ಇದ್ದರೆ ಅನುಮಾನ ಪಡಲು ಬಲವಾದ ಕಾರಣವಿದೆ. ಮೂತ್ರದಲ್ಲಿಯೂ ನೋಡಬಹುದು. ಇನ್ನೂ ಮುಂದೆ ಹೋಗಿ, ಈಥೈಲ್ ಗ್ಲುಕುರೊನೈಡ್ ಎಂಬ ಒಂದು ಪದಾರ್ಥವಿದೆ; ಕುಡಿದ ಆಲ್ಕೋಹಾಲ್ ಬದುಕಿರುವ ದೇಹದಲ್ಲಿ ಕರಗುವಾಗ ಅದು ಉಂಟಾಗುತ್ತದೆ. ಅದು ಇದ್ದರೆ ಕುಡಿದಿರುವ ಸಾಧ್ಯತೆ ಬಲವಾಗುತ್ತದೆ. ಈ ಪರೀಕ್ಷೆ ಎಲ್ಲ ಕಡೆ ಮಾಡುವುದಿಲ್ಲ ಎಂಬುದು ನಿಜ. ಆದರೆ ಕಣ್ಣಿನ ದ್ರವವನ್ನು ತೆಗೆಯಲು ಒಂದು ಸಿರಿಂಜ್ ಸಾಕು, ಅದರ ಜಾಗದಲ್ಲಿ ನೀರು ತುಂಬಿದರೆ ಮುಖ ವಿಕಾರವೂ ಆಗುವುದಿಲ್ಲ. ದೇಹ ತಡವಾಗಿ ಸಿಕ್ಕ ಸಂದರ್ಭದಲ್ಲಿ ಅದನ್ನು ತೆಗೆಯುವಿರಾ ಎಂದು ವೈದ್ಯರನ್ನು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ.

ಕಳ್ಳಭಟ್ಟಿಯ ವಿಷಯದಲ್ಲಿ ಇದೇ ಲೆಕ್ಕ ಇನ್ನೊಂದು ರೀತಿಯಲ್ಲಿ ತಿರುಗುತ್ತದೆ. ಕರ್ನಾಟಕದಲ್ಲಿ 2007ರ ಜುಲೈನಿಂದ ಸಾರಾಯಿ ನಿಷೇಧವಾಯಿತು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಆನೇಕಲ್, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿ ಕಡೆ ಕಲಬೆರಕೆ ಮದ್ಯ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿದ್ದದ್ದು ಮೆಥನಾಲ್. ಮೆಥನಾಲ್ ತಾನಾಗಿ ಅಷ್ಟು ಕೊಲ್ಲುವುದಿಲ್ಲ, ಲಿವರ್ ಅದನ್ನು ನಿಧಾನವಾಗಿ ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ, ಅದು ಕಣ್ಣನ್ನೂ ಪ್ರಾಣವನ್ನೂ ತೆಗೆಯುತ್ತದೆ. ಆದ್ದರಿಂದ ಎರಡು ಮೂರು ದಿನ ನರಳಿ ಸತ್ತವರ ರಕ್ತದಲ್ಲಿ ಮೆಥನಾಲ್ ತೀರಾ ಕಡಿಮೆ ಇರಬಹುದು, ಇಲ್ಲದೆಯೂ ಇರಬಹುದು. ಫಾರ್ಮಿಕ್ ಆಮ್ಲವನ್ನು ಹುಡುಕದಿದ್ದರೆ ವರದಿ ದಾರಿ ತಪ್ಪಿಸುತ್ತದೆ. ಅಷ್ಟೇ ಅಲ್ಲ, ಮೆಥನಾಲ್ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಚಿಕಿತ್ಸೆಗಳಲ್ಲಿ ಈಥೈಲ್ ಆಲ್ಕೋಹಾಲೂ ಒಂದು. ವರದಿಯಲ್ಲಿ ಅದು ಕಂಡರೆ ಕುಡಿದದ್ದೋ, ವೈದ್ಯರು ಕೊಟ್ಟದ್ದೋ ಎಂದು ಮತ್ತೆ ಕೇಸ್ ಶೀಟನ್ನೇ ನೋಡಬೇಕು.

ಪ್ಯಾರಸಿಟಮಾಲ್ ಕೂಡ ಹೀಗೆಯೇ. ಒಟ್ಟಿಗೆ ಬಹಳ ಮಾತ್ರೆ ನುಂಗಿದವರು ಮೊದಲ ದಿನ ಚೆನ್ನಾಗಿಯೇ ಇರುತ್ತಾರೆ, ಲಿವರ್ ಸೋತು ಸಾವು ಬರುವುದು ಮೂರು ನಾಲ್ಕು ದಿನಗಳ ಮೇಲೆ. ಅಷ್ಟರಲ್ಲಿ ರಕ್ತದ ಮಟ್ಟ ಇಳಿದುಹೋಗಿರುತ್ತದೆ.

ಹಾಗಾದರೆ "ವಿಷ ಪತ್ತೆಯಾಗಿಲ್ಲ" ಎಂಬ ವರದಿಯ ಅರ್ಥ ವಿಷ ಇರಲಿಲ್ಲ ಎಂದೇ? ಕಾನೂನು ಓದುತ್ತಿರುವ ವಿದ್ಯಾರ್ಥಿಗಳು ಇದಕ್ಕೆ ಅನಂತ ಚಿಂತಾಮಣ ಲಾಗು ಪ್ರಕರಣವನ್ನು ಓದಬೇಕು. ಪುಣೆಯ ವೈದ್ಯ ಲಾಗು, ತನ್ನ ರೋಗಿಯಾಗಿದ್ದ ಶ್ರೀಮಂತ ವಿಧವೆ ಲಕ್ಷ್ಮೀಬಾಯಿ ಕರ್ವೆ ಅವರನ್ನು 1956ರ ನವೆಂಬರ್‌ನಲ್ಲಿ ರೈಲಿನಲ್ಲಿ ಮುಂಬಯಿಗೆ ಕರೆದೊಯ್ದ. ಆಕೆ ಪ್ರಜ್ಞೆಯಿಲ್ಲದೆ ಆಸ್ಪತ್ರೆ ಸೇರಿ ಅದೇ ದಿನ ಸತ್ತರು. ರಾಸಾಯನಿಕ ಪರೀಕ್ಷೆಯಲ್ಲಿ ಯಾವ ವಿಷವೂ ಸಿಗಲಿಲ್ಲ. ಆದರೂ ಆತನ ನಡವಳಿಕೆ, ಹೇಳಿದ ಸುಳ್ಳುಗಳು, ಆಕೆಯ ಆಸ್ತಿಯನ್ನು ತನ್ನದಾಗಿಸಿಕೊಂಡ ರೀತಿ ಇವೆಲ್ಲವನ್ನು ಒಟ್ಟಿಗೆ ನೋಡಿ ಸುಪ್ರೀಂ ಕೋರ್ಟ್ 1959ರ ಡಿಸೆಂಬರ್‌ನಲ್ಲಿ ಬಹುಮತದಿಂದ ಶಿಕ್ಷೆಯನ್ನು ಎತ್ತಿಹಿಡಿಯಿತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ, ಮುಂದೆ ಇವರೇ ಮುಖ್ಯ ನ್ಯಾಯಮೂರ್ತಿಯೂ ಉಪರಾಷ್ಟ್ರಪತಿಯೂ ಆದರು. ಇದರ ಜೊತೆಗೆ 1984ರ ಶರದ್ ಬಿರ್ಧಿಚಂದ್ ಸಾರ್ಡಾ ತೀರ್ಪನ್ನೂ ಓದಿ. ಅಲ್ಲಿ ಸಾವು ಸೈನೈಡ್‌ನಿಂದ ಎಂಬುದರಲ್ಲಿ ಸಂಶಯವಿರಲಿಲ್ಲ. ಆದರೂ ಪತಿ ಬಿಡುಗಡೆಯಾದ. ವಿಷ ಕೊಟ್ಟು ಕೊಂದ ಆರೋಪದಲ್ಲಿ ಉದ್ದೇಶ, ವಿಷದಿಂದಲೇ ಸಾವು, ಆರೋಪಿಯ ಬಳಿ ಆ ವಿಷ ಇದ್ದದ್ದು, ಕೊಡಲು ಅವನಿಗಿದ್ದ ಅವಕಾಶ, ಈ ನಾಲ್ಕನ್ನೂ ನೋಡಬೇಕೆಂದು ನ್ಯಾಯಾಲಯ ಹೇಳಿತು. ಒಂದು ಕಡೆ ವಿಷ ಸಿಗದೆಯೂ ಶಿಕ್ಷೆ, ಇನ್ನೊಂದು ಕಡೆ ವಿಷ ಸಿಕ್ಕಿಯೂ ಬಿಡುಗಡೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓದಿದರೆ ಪ್ರಯೋಗಾಲಯದ ಕಾಗದಕ್ಕೆ ನ್ಯಾಯಾಲಯದಲ್ಲಿ ಎಷ್ಟು ತೂಕ ಎಂಬುದು ಅರ್ಥವಾಗುತ್ತದೆ.

ತರುಣರಿಗೆ ಒಂದು ಮಾತು. ನೋವು ನಿವಾರಕ ಟ್ಯಾಪೆಂಟಡಾಲ್, ಕೊಡೀನ್ ಬೆರೆತ ಕೆಮ್ಮಿನ ಔಷಧ, ನಿದ್ರೆಗೆ ಕೊಡುವ ಅಲ್ಪ್ರಜೋಲಾಮ್ ಇವುಗಳ ದುರುಪಯೋಗದ ಸುದ್ದಿ ನಮ್ಮ ನಗರದಿಂದ ಬರುತ್ತಲೇ ಇದೆ. ಇವುಗಳಿಂದಾದ ಸಾವಿನಲ್ಲಿ ಅಂಕಿಯನ್ನು ಓದುವುದು ತುಂಬ ಕಷ್ಟ. ಕಿದ್ವಾಯಿ ಆಸ್ಪತ್ರೆಯಲ್ಲಿ ಕ್ಯಾನ್ಸರ್ ನೋವಿಗೆ ತಿಂಗಳುಗಟ್ಟಲೆ ಮಾರ್ಫಿನ್ ತೆಗೆದುಕೊಳ್ಳುವ ರೋಗಿಯ ರಕ್ತದಲ್ಲಿ ಇರುವಷ್ಟು ಮಟ್ಟ, ಎಂದೂ ಮುಟ್ಟದ ಹುಡುಗನ ಉಸಿರನ್ನು ನಿಲ್ಲಿಸಬಹುದು. ದೇಹ ಕ್ರಮೇಣ ಒಗ್ಗಿಕೊಳ್ಳುತ್ತದೆ. ಬಿಟ್ಟರೆ ಆ ಒಗ್ಗಿಕೆಯೂ ಕೆಲವೇ ವಾರಗಳಲ್ಲಿ ಹೋಗುತ್ತದೆ. ಚಟ ಬಿಡಿಸುವ ಕೇಂದ್ರದಿಂದಲೋ ಜೈಲಿನಿಂದಲೋ ಹೊರಬಂದವನು ಹಳೆಯ ಲೆಕ್ಕದಲ್ಲೇ ಮತ್ತೆ ತೆಗೆದುಕೊಂಡರೆ ಸಾಯುವುದು ಇದಕ್ಕೇ. ಅವನ ವರದಿಯಲ್ಲಿ ಅಂಕಿ "ಮಾರಕ" ಪಟ್ಟಿಗೆ ಬಾರದೆಯೂ ಇರಬಹುದು. ಎರಡು ಮೂರು ಔಷಧಗಳು ಸೇರಿದಾಗಲೂ ಹಾಗೆಯೇ. ಒಂದೊಂದೂ ಮಿತಿಯೊಳಗೆ, ಒಟ್ಟು ಸೇರಿ ಉಸಿರು ನಿಂತಿರುತ್ತದೆ. ಆದುದರಿಂದ ಸತ್ತವನ ಹಿಂದಿನ ಅಭ್ಯಾಸ, ಬಿಟ್ಟು ಎಷ್ಟು ದಿನವಾಗಿತ್ತು ಎಂಬುದನ್ನು ಮನೆಯವರು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಮಾನದ ಪ್ರಶ್ನೆ ಎಂದು ಮುಚ್ಚಿಟ್ಟರೆ ಅಭಿಪ್ರಾಯವೇ ತಪ್ಪಾಗಬಹುದು, ಆಮೇಲೆ ಅವನ ಜೊತೆಗಿದ್ದ ಗೆಳೆಯನ ಮೇಲೆ ಇಲ್ಲದ ಸಂಶಯ ಬರಬಹುದು.

ಇನ್ನು ದಫನ್ ವಿಚಾರ. ಮಯ್ಯತ್ತನ್ನು ಬೇಗ ಮಣ್ಣು ಮಾಡಬೇಕೆಂಬ ನಮ್ಮ ಆತುರ ಸಹಜವಾದದ್ದು, ಗೌರವದ್ದು. ಆ ಆತುರದಲ್ಲಿ ಎಷ್ಟೋ ಮನೆಗಳವರು ಪೋಸ್ಟ್‌ಮಾರ್ಟಂ ಬೇಡವೆಂದು ಠಾಣೆಯಲ್ಲಿ ಅಂಗಲಾಚುತ್ತಾರೆ. ಆದರೆ ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ, ಸಂಶಯಾಸ್ಪದವಾಗಿ ಸತ್ತರೆ ಅಥವಾ ಆಕೆಯ ಸಂಬಂಧಿಕರು ಕೋರಿದರೆ ಶವವನ್ನು ಪರೀಕ್ಷೆಗೆ ಕಳುಹಿಸಬೇಕೆಂದು ನಾನು ಆಗಲೇ ಹೇಳಿದ 194ನೇ ಕಲಮೇ ಹೇಳುತ್ತದೆ. ತವರಿನವರು ಈ ಕೋರಿಕೆಯನ್ನು ಬರವಣಿಗೆಯಲ್ಲಿ ಕೊಡಬಹುದು. ಈ ಕೋರಿಕೆಗೆ ಬಂಧುಗಳು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಶವಪರೀಕ್ಷೆಗೆ ಹಿಡಿಯುವ ಸಮಯಕ್ಕಿಂತ ಪಂಚನಾಮೆ, ಮನವಿ ಪತ್ರ, ಸಹಿಗಳ ಓಡಾಟಕ್ಕೆ ಹಿಡಿಯುವ ಸಮಯವೇ ಹೆಚ್ಚು. ಇಬ್ಬರು ತಿಳಿದವರು ಬೆಳಿಗ್ಗೆಯೇ ಠಾಣೆಗೆ ಹೋಗಿ ಕುಳಿತರೆ ಸಂಜೆಯ ನಮಾಝಿನೊಳಗೆ ಜನಾಝಾ ಸಿದ್ಧವಾಗುವುದು ಕಷ್ಟವೇನಲ್ಲ. ಸೂರ್ಯಾಸ್ತದ ನಂತರವೂ, ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ, ಶವಪರೀಕ್ಷೆ ಮಾಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ದೇಹ ಮತ್ತು ಸಂಶಯದ ಸಾವುಗಳಿಗೆ ಅದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ ಎಂಬುದನ್ನೂ ತಿಳಿದಿರಿ. ಅಂದು ಬಿಟ್ಟುಹೋದ ಪರೀಕ್ಷೆಯನ್ನು ನಂತರ ಮಾಡಬೇಕೆಂದರೆ ಕಬರನ್ನೇ ತೆರೆಯಬೇಕಾಗುತ್ತದೆ. ಆ ಹೊತ್ತಿಗೆ ದೇಹದಲ್ಲಿ ಆಗಿರುವ ಬದಲಾವಣೆಗಳ ನಡುವೆ ಯಾವ ಅಂಕಿ ಬಂದರೂ ಅದಕ್ಕೆ ಅರ್ಥ ಹೇಳಲು ನನ್ನಂಥವರಿಗೂ ನಾಲಿಗೆ ತಡವರಿಸುತ್ತದೆ.

ಕೊನೆಯದಾಗಿ ಕಾಗದಗಳ ಬಗ್ಗೆ. ಮರಣೋತ್ತರ ವರದಿ, ಎಫ್‌ಎಸ್‌ಎಲ್ ವರದಿ, ವೈದ್ಯರ ಅಂತಿಮ ಅಭಿಪ್ರಾಯ ಇವು ಮೂರು ಬೇರೆ ಬೇರೆ ಕಾಗದಗಳು. ಹತ್ತಿರದ ಸಂಬಂಧಿಕರು ಯು.ಡಿ.ಆರ್. ಸಂಖ್ಯೆಯನ್ನು ನಮೂದಿಸಿ ಠಾಣೆಗೆ ಅರ್ಜಿ ಕೊಟ್ಟು ಮೂರರ ಪ್ರತಿಯನ್ನೂ ಕೇಳಬಹುದು. ಜೊತೆಗೆ ಆಸ್ಪತ್ರೆಯ ಕೇಸ್ ಶೀಟಿನ ಪ್ರತಿಯನ್ನೂ ತೆಗೆದಿಟ್ಟುಕೊಳ್ಳಿ. ಮೊಕದ್ದಮೆಯಾದರೆ ಸರ್ಕಾರಿ ಪ್ರಯೋಗಾಲಯದ ವರದಿ ಸುರಕ್ಷಾ ಸಂಹಿತೆಯ 329ನೇ ಕಲಮಿನಂತೆ ನೇರವಾಗಿ ಸಾಕ್ಷ್ಯವಾಗಿ ಬರುತ್ತದೆ. ಆದರೆ ಅದನ್ನು ಬರೆದ ತಜ್ಞರನ್ನು ಕರೆಸಿ ಪ್ರಶ್ನೆ ಕೇಳುವ ಅಧಿಕಾರ ನ್ಯಾಯಾಲಯಕ್ಕೆ ಇದೆ. ತಮ್ಮ ವಕೀಲರಿಗೆ ಇದನ್ನು ನೆನಪಿಸಿ. ರಕ್ತ ಎಲ್ಲಿಂದ ತೆಗೆದದ್ದು, ಬಾಟಲಿಯಲ್ಲಿ ಫ್ಲೋರೈಡ್ ಇತ್ತೇ, ದೇಹ ಕೊಳೆಯತೊಡಗಿತ್ತೇ, ಸಾಯುವ ಮುನ್ನ ಏನೇನು ಚಿಕಿತ್ಸೆ ಆಗಿತ್ತು ಎಂಬ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೂ ಸಾಕು.

ಸಮಯ ಮೀರಿದೆ ಎಂದು ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ತಮ್ಮ ಪ್ರಶ್ನೆಗಳನ್ನು ಈಗ ಕೇಳಬಹುದು.